ಅವಳ ಮಂಡಿ ನೋವು ಯಾರ ಲೆಕ್ಕದಲ್ಲಿದೆ?

ಭಾರತದಲ್ಲಿ ಅಂಗವೈಕಲ್ಯ ಹೆಚ್ಚಿರುವುದು ಗಂಡಸರಲ್ಲೋ ಹೆಂಗಸರಲ್ಲೋ? ಸರ್ಕಾರದ್ದೇ ದಾಖಲೆಗಳನ್ನು ಮುಂದಿಟ್ಟುಕೊಂಡು ಕೂತರೆ ಈ ಪ್ರಶ್ನೆಗೆ ಒಂದಕ್ಕೊಂದು ತದ್ವಿರುದ್ಧವಾದ ಎರಡು ಉತ್ತರ ಸಿಗುತ್ತವೆ. 2011ರ ಜನಗಣತಿಯ ಪ್ರಕಾರ ದೇಶದಲ್ಲಿದ್ದ ವಿಕಲಚೇತನರು 2.68 ಕೋಟಿ. ಅವರಲ್ಲಿ ಗಂಡಸರು ಸುಮಾರು 1.5 ಕೋಟಿ, ಹೆಂಗಸರು 1.18 ಕೋಟಿ. ಜನಸಂಖ್ಯೆಯ ಪಾಲಿನಲ್ಲಿ ಹೇಳುವುದಾದರೆ ಗಂಡಸರಲ್ಲಿ ಶೇ. 2.41, ಹೆಂಗಸರಲ್ಲಿ ಶೇ. 2.01. 2018ರ ಜುಲೈನಿಂದ ಡಿಸೆಂಬರ್‌ವರೆಗೆ ನಡೆದ ರಾಷ್ಟ್ರೀಯ ಮಾದರಿ ಸಮೀಕ್ಷೆಯ 76ನೇ ಸುತ್ತು ಕೂಡ ಇದೇ ದಿಕ್ಕಿನಲ್ಲಿತ್ತು: ಗಂಡಸರು ಶೇ. 2.4, ಹೆಂಗಸರು ಶೇ. 1.9.

ಅದೇ ಹೊತ್ತಿಗೆ, 2017-18ರಲ್ಲಿ, ಕೇಂದ್ರ ಆರೋಗ್ಯ ಸಚಿವಾಲಯದ ಪರವಾಗಿ ಮುಂಬೈನ ಅಂತರರಾಷ್ಟ್ರೀಯ ಜನಸಂಖ್ಯಾ ವಿಜ್ಞಾನ ಸಂಸ್ಥೆ ‘ಲಾಸಿ’ ಎಂಬ ದೊಡ್ಡ ಅಧ್ಯಯನವನ್ನು ಕೈಗೊಂಡಿತ್ತು. 45 ದಾಟಿದವರು ಮತ್ತು ಅವರ ಬಾಳಸಂಗಾತಿಗಳು ಸೇರಿ 72 ಸಾವಿರಕ್ಕೂ ಹೆಚ್ಚು ಜನರನ್ನು ಅದು ಮಾತನಾಡಿಸಿತು. ಸ್ನಾನ ಮಾಡಲು, ಬಟ್ಟೆ ಹಾಕಿಕೊಳ್ಳಲು, ಹಾಸಿಗೆಯಿಂದ ಏಳಲು, ಶೌಚಾಲಯ ಬಳಸಲು ಕಷ್ಟವಾಗುತ್ತದೆಯೇ ಎಂದು ಕೇಳಿತು. 60 ದಾಟಿದವರಲ್ಲಿ ಸುಮಾರು ಶೇ. 24ರಷ್ಟು ಜನ ಇಂಥ ಒಂದಾದರೂ ಕೆಲಸ ಕಷ್ಟ ಎಂದರು. ಹಾಗೆ ಹೇಳಿದವರಲ್ಲಿ ಹೆಂಗಸರ ಪಾಲೇ ದೊಡ್ಡದು. ತಮ್ಮ ಆರೋಗ್ಯ ಚೆನ್ನಾಗಿಲ್ಲ ಎಂದವರಲ್ಲೂ ಅವರೇ ಮುಂದು. ಹೊರದೇಶಗಳಲ್ಲೂ ಹೀಗೆಯೇ ಇದೆ. ವಿಶ್ವ ಆರೋಗ್ಯ ಸಂಸ್ಥೆ 59 ದೇಶಗಳ ಸಮೀಕ್ಷೆಯನ್ನು ಆಧರಿಸಿ 2011ರಲ್ಲಿ ಪ್ರಕಟಿಸಿದ ವರದಿಯಲ್ಲಿ ವಯಸ್ಕ ಗಂಡಸರಲ್ಲಿ ಅಂಗವೈಕಲ್ಯ ಶೇ. 12, ಹೆಂಗಸರಲ್ಲಿ ಶೇ. 19.2.

ಹಾಗಾದರೆ ನಿಜ ಯಾವುದು? ಭಾರತದ ಹೆಂಗಸು ಗಂಡಸಿಗಿಂತ ಗಟ್ಟಿಯೋ, ಸೋತವಳೋ? ನನ್ನ ವಾದ ಇಷ್ಟು: ಈ ಎರಡು ಅಂಕಿಗಳ ನಡುವಿನ ಅಂತರ ಹುಟ್ಟಿದ್ದು ದೇಹಗಳಲ್ಲಿ ಅಲ್ಲ, ಪ್ರಶ್ನೆ ಕೇಳಿದ ಜಗಲಿಯ ಮೇಲೆ. ಏನು ಕೇಳಿದರು, ಯಾರನ್ನು ಕೇಳಿದರು, ಹೇಳಿದರೆ ಏನಾದರೂ ಆಗುತ್ತದೆ ಎಂಬ ಭರವಸೆ ಉತ್ತರಿಸುವವರಿಗೆ ಇತ್ತೇ ಎಂಬುದನ್ನು ವಿಚಾರಿಸದೆ, ಸ್ವತಃ ಹೇಳಿಕೊಂಡ ಆರೋಗ್ಯದ ಅಂಕಿಗಳಲ್ಲಿ ಗಂಡು ಹೆಣ್ಣಿನ ಹೋಲಿಕೆ ಮಾಡುವುದು ತಪ್ಪಿಗೆ ದಾರಿ.

ಮೊದಲು ಜನಗಣತಿಯ ಪ್ರಶ್ನೆಯನ್ನೇ ನೋಡೋಣ. ಈ ವ್ಯಕ್ತಿಗೆ ಮಾನಸಿಕ ಅಥವಾ ದೈಹಿಕ ಅಂಗವೈಕಲ್ಯ ಇದೆಯೇ ಎಂದು ಕೇಳಿ, ಇದೆ ಎಂದರೆ ಎಂಟು ಬಗೆಗಳಲ್ಲಿ ಯಾವುದು ಎಂದು ಗುರುತು ಹಾಕುವುದು 2011ರ ಕ್ರಮ. ಮನೆಯವರೆಲ್ಲರ ಪರವಾಗಿ ಒಬ್ಬರೇ ಉತ್ತರಿಸಿದರೆ ಸಾಕು. ನಮ್ಮ ಹಳ್ಳಿ ಪಟ್ಟಣಗಳಲ್ಲಿ ಆ ಒಬ್ಬರು ಸಾಮಾನ್ಯವಾಗಿ ಮನೆಯ ಯಜಮಾನರು. ಗಣತಿಗೆ ಬಂದವರು ಊರಿನ ಶಾಲೆಯ ಮೇಷ್ಟ್ರೋ ಟೀಚರೋ ಆಗಿರುತ್ತಾರೆ. ‘ಇಲ್ಲ ಮೇಷ್ಟ್ರೇ, ನಮ್ಮನೇಲಿ ಅಂಥವರು ಯಾರೂ ಇಲ್ಲ’ ಎಂಬ ಉತ್ತರ ತಟ್ಟನೆ ಬರುತ್ತದೆ. ಹೇಳಿದವರು ಸುಳ್ಳು ಹೇಳಿದ್ದಲ್ಲ. ಅಂಗವೈಕಲ್ಯ ಎಂದ ಕೂಡಲೇ ಅವರ ಕಣ್ಣ ಮುಂದೆ ಬರುವುದು ಪೋಲಿಯೋದಿಂದ ಕಾಲು ಸೊರಗಿದವರು, ಹುಟ್ಟು ಕುರುಡರು, ಕಿವಿ ಬಾಯಿ ಇಲ್ಲದವರು. ಒಳಗೆ ಒಲೆಯ ಮುಂದಿರುವ ಹೆಂಡತಿ ಗೋಡೆ ಹಿಡಿದುಕೊಂಡೇ ಬಚ್ಚಲಿನ ಮೆಟ್ಟಿಲು ಇಳಿಯುತ್ತಾಳೆ, ಕುಕ್ಕರಗಾಲಿನಲ್ಲಿ ಕೂರಲಾಗದೆ ವರ್ಷಗಳೇ ಆಗಿವೆ, ಸೂಜಿಗೆ ದಾರ ಪೋಣಿಸಲು ಮೊಮ್ಮಗಳನ್ನು ಕರೆಯುತ್ತಾಳೆ ಎಂಬುದು ಆ ಪ್ರಶ್ನೆಯ ಬಲೆಗೆ ಬೀಳುವುದೇ ಇಲ್ಲ. ಮಂಡಿ ಸವೆತ, ಸೊಂಟ ನೋವು, ಕಣ್ಣಿನ ಪೊರೆ, ತಿಂಗಳುಗಟ್ಟಲೆ ಕವಿದಿರುವ ಮಂಕು ಮನಸ್ಸು ಎಲ್ಲವೂ ‘ವಯಸ್ಸಾದ ಮೇಲೆ ಇದ್ದದ್ದೇ’ ಎಂಬ ಮಾತಿನೊಳಗೆ ಸೇರಿಹೋಗುತ್ತವೆ.

ಗಂಡಸಿನ ಅಂಗವೈಕಲ್ಯ ಹಾಗೆ ಮರೆಯಾಗುವುದು ಕಷ್ಟ. ಬೈಕ್ ಅಪಘಾತದಲ್ಲಿ ಕಾಲು ಹೋಯಿತು, ಗಿರಣಿಯಲ್ಲಿ ಕೈ ಸಿಕ್ಕಿಕೊಂಡಿತು, ಕಟ್ಟಡದ ಸಾರುವೆಯಿಂದ ಬಿದ್ದು ಬೆನ್ನುಮೂಳೆ ಮುರಿಯಿತು ಎಂದರೆ ಅದಕ್ಕೊಂದು ದಿನಾಂಕ ಇರುತ್ತದೆ, ಪೊಲೀಸ್ ದಾಖಲೆಯೋ ಆಸ್ಪತ್ರೆಯ ಚೀಟಿಯೋ ಇರುತ್ತದೆ, ನಿಂತುಹೋದ ಸಂಬಳ ಇರುತ್ತದೆ. ಇಂಥ ಗಾಯಗಳು ಗಂಡಸರಲ್ಲಿ ಹೆಚ್ಚು ಎಂಬುದೂ ನಿಜವೇ. ಹಾಗಾಗಿ ಜನಗಣತಿಯ ಅಂಕಿ ಪೂರ್ತಿ ಸುಳ್ಳು ಎಂದು ನಾನು ಹೇಳುತ್ತಿಲ್ಲ. ಒಂದೇ ಏಟಿಗೆ ಬರುವ, ಕಣ್ಣಿಗೆ ಕಾಣುವ, ಹೆಸರಿರುವ ಅಂಗವೈಕಲ್ಯವನ್ನು ಅದು ಎಣಿಸುತ್ತದೆ. ನಿಧಾನವಾಗಿ ದೇಹವನ್ನು ಸವೆಸುವಂಥದ್ದನ್ನು ಎಣಿಸುವುದಿಲ್ಲ. ಹೆಂಗಸಿನ ಪಾಲಿಗೆ ಬರುವುದು ಬಹುಮಟ್ಟಿಗೆ ಈ ಎರಡನೆಯದು. ಇದರ ಮೇಲೆ ಮದುವೆಯ ವಯಸ್ಸಿನ ಮಗಳ ಕಿವಿ ಮಂದವಾಗಿದ್ದರೆ, ಫಿಟ್ಸ್ ಬರುತ್ತಿದ್ದರೆ, ಅದನ್ನು ಹೊರಗಿನವರ ಮುಂದೆ ಆಡಲಾಗದ ಸಂಕಟವೂ ಅನೇಕ ಮನೆಗಳಲ್ಲಿದೆ. ಬರೆದುಕೊಂಡ ಕಾಗದ ಊರಿಗೆಲ್ಲ ಗೊತ್ತಾದರೆ ಏನು ಗತಿ ಎಂಬ ಭಯದಲ್ಲಿರುವ ತಂದೆತಾಯಿಯಿಂದ ನಿಖರ ಉತ್ತರ ಬಯಸುವುದು ಹೇಗೆ? ಕರ್ನಾಟಕದಲ್ಲಿ 2011ರಲ್ಲಿ ಎಣಿಸಿದ 13 ಲಕ್ಷಕ್ಕೂ ಹೆಚ್ಚು ವಿಕಲಚೇತನರಲ್ಲಿ ಹೆಂಗಸರು ಅರ್ಧಕ್ಕಿಂತ ಕಡಿಮೆ ಎಂಬುದನ್ನು ಓದುವಾಗ ಈ ಮೌನಗಳನ್ನೂ ಸೇರಿಸಿಕೊಂಡೇ ಓದಬೇಕು.

ಇನ್ನು ಎರಡನೇ ಬಗೆಯ ಅಂಕಿ. ಅವರನ್ನೇ ಕೇಳಿದಾಗ ಹೆಂಗಸರು ಹೆಚ್ಚು ತೊಂದರೆ ಹೇಳಿಕೊಳ್ಳುತ್ತಾರೆ. ಆದರೆ ಬದುಕುವುದು ಗಂಡಸರಿಗಿಂತ ಹೆಚ್ಚು ಕಾಲ. 2016-20ರ ಮಾದರಿ ನೋಂದಣಿ ವ್ಯವಸ್ಥೆಯ ಪ್ರಕಾರ ಭಾರತದಲ್ಲಿ ಹುಟ್ಟುವ ಗಂಡಿನ ಸರಾಸರಿ ಆಯಸ್ಸು 68.6 ವರ್ಷ, ಹೆಣ್ಣಿನದು 71.4. ಹೆಚ್ಚು ನರಳುವವರೇ ಹೆಚ್ಚು ಬದುಕುವುದು ಹೇಗೆ ಎಂಬುದು ಜಗತ್ತಿನ ಆರೋಗ್ಯ ತಜ್ಞರನ್ನು ದಶಕಗಳಿಂದ ಕಾಡಿದ ಒಗಟು. ಇದಕ್ಕೆ ಬಹಳ ಸುಲಭದ ಒಂದು ಉತ್ತರ ಯಾವಾಗಲೂ ಸಿದ್ಧವಿರುತ್ತದೆ: ಹೆಂಗಸರಿಗೆ ಹೇಳಿಕೊಳ್ಳುವ ಚಟ, ಗಂಡಸರು ತಡೆದುಕೊಳ್ಳುತ್ತಾರೆ. ಎಷ್ಟೋ ವೈದ್ಯರ ಕೋಣೆಗಳಲ್ಲಿ ಈ ನಂಬಿಕೆ ಬಾಯಿಗೆ ಬಾರದೆ ಕೂತಿದೆ. ಹೆಂಗಸಿನ ಎದೆನೋವನ್ನು ಗ್ಯಾಸ್ಟ್ರಿಕ್ ಎಂದು, ಸುಸ್ತನ್ನು ಟೆನ್ಶನ್ ಎಂದು ಕಳಿಸಿಬಿಡುವುದರ ಹಿಂದೆ ಇರುವುದೂ ಇದೇ.

ಅರ್ಥಶಾಸ್ತ್ರಜ್ಞರಾದ ಆ್ಯನ್ ಕೇಸ್ ಮತ್ತು ಕ್ರಿಸ್ಟಿನಾ ಪ್ಯಾಕ್ಸನ್ ಅಮೆರಿಕದ ಅಂಕಿಗಳನ್ನಿಟ್ಟುಕೊಂಡು 2005ರಲ್ಲಿ ಈ ನಂಬಿಕೆಯನ್ನು ಪರೀಕ್ಷೆಗೊಡ್ಡಿದರು. ಒಂದೇ ಕಾಯಿಲೆ ಇರುವ ಗಂಡಸು ಮತ್ತು ಹೆಂಗಸು ತಮ್ಮ ಆರೋಗ್ಯವನ್ನು ಹೇಗೆ ಅಳೆದುಕೊಳ್ಳುತ್ತಾರೆ ಎಂದು ನೋಡಿದಾಗ ಇಬ್ಬರ ಅಳತೆಯೂ ಬಹುಮಟ್ಟಿಗೆ ಒಂದೇ ಆಗಿತ್ತು. ವ್ಯತ್ಯಾಸ ಇದ್ದದ್ದು ಯಾರಿಗೆ ಯಾವ ಕಾಯಿಲೆ ಎಂಬಲ್ಲಿ. ಸಂಧಿವಾತ, ತಲೆನೋವು, ಖಿನ್ನತೆಯಂಥವು ಹೆಂಗಸರಲ್ಲಿ ಹೆಚ್ಚು. ಇವು ಪ್ರತಿದಿನ ಕಾಡುತ್ತವೆ, ಬೇಗ ಕೊಲ್ಲುವುದಿಲ್ಲ. ಧೂಮಪಾನದಿಂದ ಬರುವ ಶ್ವಾಸಕೋಶದ ರೋಗಗಳು, ಹೃದ್ರೋಗದ ಕೆಲವು ಬಗೆಗಳು ಗಂಡಸರಲ್ಲಿ ಹೆಚ್ಚು, ಅಥವಾ ಗಂಡಸರಲ್ಲಿ ಹೆಚ್ಚು ಮಾರಕ. ಅಂದರೆ ಹೆಂಗಸರು ಹೆಚ್ಚು ಹೇಳಿಕೊಳ್ಳುವುದು ಅವರಿಗೆ ಹೆಚ್ಚು ನೋಯುತ್ತಿರುವುದರಿಂದಲೇ.

ನಮ್ಮಲ್ಲಿ ಈ ಮಾತಿಗೆ ಇನ್ನೂ ಗಟ್ಟಿ ನೆಲೆ ಇದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ. 57ರಷ್ಟು ಮಂದಿಗೆ ರಕ್ತಹೀನತೆ, ಗಂಡಸರಲ್ಲಿ ಶೇ. 25. ಇದು ಯಾರೂ ಹೇಳಿಕೊಂಡದ್ದಲ್ಲ, ಬೆರಳಿನಿಂದ ರಕ್ತ ತೆಗೆದು ಅಳೆದದ್ದು. ಅದೇ ಸಮೀಕ್ಷೆಯಲ್ಲಿ 15 ದಾಟಿದ ಗಂಡಸರಲ್ಲಿ ತಂಬಾಕು ಬಳಸುವವರು ಶೇ. 38, ಹೆಂಗಸರಲ್ಲಿ ಶೇ. 9ಕ್ಕೂ ಕಡಿಮೆ. ಒಬ್ಬರು ಬದುಕಿನುದ್ದಕ್ಕೂ ರಕ್ತವಿಲ್ಲದೆ ಸೊರಗುತ್ತಾರೆ, ಇನ್ನೊಬ್ಬರು ಐವತ್ತೈದಕ್ಕೋ ಅರವತ್ತಕ್ಕೋ ಎದೆ ಹಿಡಿದುಕೊಂಡು ಕುಸಿಯುತ್ತಾರೆ. ಜೊತೆಗೆ ದುಡಿಮೆ. 2019ರ ಸಮಯ ಬಳಕೆ ಸಮೀಕ್ಷೆಯಲ್ಲಿ, ಮನೆಗೆಲಸ ಮಾಡುವವರ ಪೈಕಿ ಹೆಂಗಸರು ದಿನಕ್ಕೆ 299 ನಿಮಿಷ, ಗಂಡಸರು 97 ನಿಮಿಷ ಅದಕ್ಕೆ ಕೊಡುತ್ತಿದ್ದರು. ಐದು ವರ್ಷದ ನಂತರ ಅದೇ ಲೆಕ್ಕ ತೆಗೆದಾಗ ಹೆಂಗಸರ ಪಾಲಿನಲ್ಲಿ ಇಳಿದದ್ದು ಹತ್ತು ನಿಮಿಷ. ನೀರಿನ ಕೊಡ, ಬಗ್ಗಿ ಗುಡಿಸುವುದು, ಕೂತು ಬಟ್ಟೆ ಒಗೆಯುವುದು, ಹೊಗೆ ಕುಡಿಯುತ್ತಾ ಒಲೆ ಊದುವುದು, ಅದರ ನಡುವೆ ಹೆರಿಗೆಗಳು, ಬಾಣಂತನ ಮುಗಿಯುವ ಮುಂಚೆಯೇ ಮತ್ತೆ ಗದ್ದೆ. ಐವತ್ತರ ಹೊತ್ತಿಗೆ ಮಂಡಿಯೂ ಸೊಂಟವೂ ಏನಾಗಿರಬೇಕೋ ಅದೇ ಆಗಿರುತ್ತವೆ. ಇದನ್ನು ಗೊಣಗಾಟ ಎನ್ನುವವರು ಆ 299 ನಿಮಿಷವನ್ನು ಒಂದು ದಿನವಾದರೂ ದುಡಿದು ನೋಡಲಿ.

ಇಲ್ಲಿಯವರೆಗೆ ಹೇಳಿದ್ದನ್ನು ಕೇಳಿ, ಹೆಂಗಸರನ್ನು ನೇರವಾಗಿ ಕೇಳಿದರೆ ನಿಜ ಹೊರಬರುತ್ತದೆ, ಅಷ್ಟೇ ಸಮಸ್ಯೆ ಎಂದು ಯಾರಾದರೂ ತಿಳಿದರೆ, ಅದೂ ಪೂರ್ತಿ ಸರಿಯಲ್ಲ. 1944ರಲ್ಲಿ ನಡೆದ ಒಂದು ಸಮೀಕ್ಷೆಯನ್ನು ಇಲ್ಲಿ ಸ್ವಲ್ಪ ನಿಧಾನವಾಗಿ ನೋಡಬೇಕು.

ಬಂಗಾಳದ ಮಹಾಕ್ಷಾಮದ ಮರುವರ್ಷ ಅದು. ಕಲ್ಕತ್ತಾದ ಅಖಿಲ ಭಾರತ ನೈರ್ಮಲ್ಯ ಮತ್ತು ಸಾರ್ವಜನಿಕ ಆರೋಗ್ಯ ಸಂಸ್ಥೆ ಹತ್ತಿರದ ಸಿಂಗೂರು ಪ್ರದೇಶದಲ್ಲಿ ಜನರ ಆರೋಗ್ಯ ವಿಚಾರಿಸಿತು. ಹೆಂಡತಿಯನ್ನು ಕಳೆದುಕೊಂಡ ಗಂಡಸರಲ್ಲಿ ಶೇ. 48.5ರಷ್ಟು ಜನ ತಾವು ಕಾಯಿಲೆಯಲ್ಲಿದ್ದೇವೆ ಅಥವಾ ಆರೋಗ್ಯ ಅಷ್ಟಕ್ಕಷ್ಟೆ ಎಂದರು. ಗಂಡನನ್ನು ಕಳೆದುಕೊಂಡ ಹೆಂಗಸರಲ್ಲಿ ಹಾಗೆಂದವರು ಶೇ. 2.5 ಮಾತ್ರ. ಕಾಯಿಲೆಯನ್ನು ಬದಿಗಿಟ್ಟು ‘ಅಷ್ಟಕ್ಕಷ್ಟೆ’ ಎಂದವರನ್ನಷ್ಟೇ ನೋಡಿದರೆ ಗಂಡಸರಲ್ಲಿ ಶೇ. 45.6, ವಿಧವೆಯರಲ್ಲಿ ಸೊನ್ನೆ. ಒಬ್ಬಳೂ ಇಲ್ಲ! ಹಸಿವು ಲಕ್ಷಾಂತರ ಜನರನ್ನು ಕೊಂದ ನಾಡಿನಲ್ಲಿ, ಒಪ್ಪೊತ್ತಿನ ಊಟದ ಕಟ್ಟಳೆಗೆ ಸಿಕ್ಕಿದ್ದ, ಮನೆಯಲ್ಲಿ ಕಡೆಯದಾಗಿ ಬಡಿಸಿಕೊಳ್ಳುತ್ತಿದ್ದ ವಿಧವೆಯರ ಆರೋಗ್ಯ ಹೆಂಡತಿ ಸತ್ತ ಗಂಡಸರಿಗಿಂತ ಹತ್ತೊಂಬತ್ತು ಪಟ್ಟು ಚೆನ್ನಾಗಿತ್ತೇ? ಅಮರ್ತ್ಯ ಸೇನ್ 1985ರಲ್ಲಿ ಈ ಅಂಕಿಗಳನ್ನು ಮತ್ತೆ ಬೆಳಕಿಗೆ ತಂದಾಗ ಅವರು ತೋರಿಸಲು ಹೊರಟದ್ದು ಇದನ್ನೇ: ಕಷ್ಟವೇ ಬದುಕಾದವರು ಅದನ್ನು ಕಷ್ಟವೆಂದು ಹೇಳುವುದನ್ನೂ ಬಿಟ್ಟಿರುತ್ತಾರೆ. ನನಗೆ ಚೆನ್ನಾಗಿಲ್ಲ ಎನ್ನಬೇಕಾದರೆ ಚೆನ್ನಾಗಿರುವುದು ಹೇಗಿರುತ್ತದೆ ಎಂದು ಗೊತ್ತಿರಬೇಕು, ನಾನು ಚೆನ್ನಾಗಿರಬೇಕಾದವಳು ಎಂಬ ಎಣಿಕೆಯೂ ಇರಬೇಕು. ಸಿಂಗೂರಿನ ವಿಧವೆಗೆ ಎರಡನೆಯದನ್ನು ಯಾರೂ ಕೊಟ್ಟಿರಲಿಲ್ಲ.

ಹೀಗೆ ಮುಚ್ಚಿಹೋಗುವುದು ಹೆಣ್ಣು ಗಂಡಿನ ನಡುವೆ ಮಾತ್ರವಲ್ಲ. ಕೇರಳದವರು ಬಿಹಾರದವರಿಗಿಂತ ಎಷ್ಟೋ ವರ್ಷ ಹೆಚ್ಚು ಬದುಕುತ್ತಾರೆ, ಆದರೆ ಕಾಯಿಲೆ ಇದೆ ಎಂದು ಹೇಳುವವರು ಕೇರಳದಲ್ಲೇ ಬಹಳ ಹೆಚ್ಚು. ಓದು, ಆಸ್ಪತ್ರೆ, ದಾದಿಯರು ಇರುವ ಕಡೆ ಜನ ತಮ್ಮ ದೇಹದ ಕಡೆ ಗಮನ ಕೊಡುತ್ತಾರೆ. ಇದನ್ನು ಸೇನ್ 2002ರಲ್ಲಿ ಬರೆದ ಲೇಖನವೊಂದರಲ್ಲಿ ಒತ್ತಿ ಹೇಳಿದ್ದಾರೆ.

ಸಿಂಗೂರು ಹಳೆಯ ಮಾತು ಎನ್ನುವವರಿಗೆ ಗಡಚಿರೋಲಿ ಇದೆ. ಮಹಾರಾಷ್ಟ್ರದ ಈ ಜಿಲ್ಲೆಯ ಎರಡು ಹಳ್ಳಿಗಳಲ್ಲಿ ವೈದ್ಯ ದಂಪತಿ ರಾಣಿ ಬಂಗ್ ಮತ್ತು ಅಭಯ್ ಬಂಗ್ 650 ಹೆಂಗಸರನ್ನು ಪರೀಕ್ಷಿಸಿ 1989ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದರು. ಸ್ತ್ರೀರೋಗದ ತೊಂದರೆ ಇದೆ ಎಂದು ಬಾಯಿಬಿಟ್ಟು ಹೇಳಿದವರು ಶೇ. 55. ಪರೀಕ್ಷೆಯಲ್ಲಿ ಕಾಯಿಲೆ ಕಂಡದ್ದು ಶೇ. 92ರಷ್ಟು ಮಂದಿಯಲ್ಲಿ. ಅದಕ್ಕೂ ಮುಂಚೆ ಇಂಥ ಪರೀಕ್ಷೆ, ಚಿಕಿತ್ಸೆ ಪಡೆದಿದ್ದವರು ಶೇ. 8. ಬಿಳಿ ಸೆರಗು, ಕೆಳಹೊಟ್ಟೆಯ ನೋವು, ಜಾರುವ ಗರ್ಭಕೋಶ ಹೆಣ್ಣಾಗಿ ಹುಟ್ಟಿದ್ದಕ್ಕೆ ಇರುವಂಥವೇ ಎಂದು ತಾಯಂದಿರಿಂದ ಹೆಣ್ಣುಮಕ್ಕಳಿಗೆ ದಾಟಿದ ತಿಳಿವಳಿಕೆ. ಈ ಊರುಗಳಲ್ಲಿ ಹೇಳಿಕೊಂಡದ್ದನ್ನೇ ನಂಬಿ ಲೆಕ್ಕ ಹಾಕಿದ್ದರೆ ಕಾಯಿಲೆಯ ದೊಡ್ಡ ಭಾಗ ಲೆಕ್ಕದ ಹೊರಗೆ ಉಳಿಯುತ್ತಿತ್ತು.

ಇದರಿಂದ ಬರುವ ಒಂದು ತೀರ್ಮಾನವನ್ನು ನಾನು ಬಲವಾಗಿ ನಂಬುತ್ತೇನೆ. ಸಮೀಕ್ಷೆಯಲ್ಲಿ ಹೆಂಗಸರು ಗಂಡಸರಿಗಿಂತ ಹೆಚ್ಚು ತೊಂದರೆ ಹೇಳಿಕೊಂಡ ಕಡೆಗಿಂತ, ಇಬ್ಬರ ಉತ್ತರ ಒಂದೇ ಆಗಿರುವ ಕಡೆ ಅಥವಾ ಹೆಂಗಸರು ಕಡಿಮೆ ಹೇಳಿಕೊಂಡ ಕಡೆ ನಾವು ಹೆಚ್ಚು ಎಚ್ಚರದಿಂದಿರಬೇಕು. ಅಂತರ ಕಾಣದಿರುವುದು ಸಮಾನತೆಯ ಗುರುತಾಗಿರಬಹುದು, ಬಾಯಿ ಕಟ್ಟಿದ್ದರ ಗುರುತೂ ಆಗಿರಬಹುದು. ಎರಡರಲ್ಲಿ ಯಾವುದು ಎಂದು ಆ ಅಂಕಿಯೊಂದರಿಂದಲೇ ತಿಳಿಯದು.

ಹಾಗಾದರೆ ಜನ ಹೇಳಿದ್ದನ್ನು ಬಿಟ್ಟು ಯಂತ್ರ ಅಳೆದದ್ದನ್ನಷ್ಟೇ ನಂಬೋಣವೇ? ಅದೂ ಆಗದು. ‘ಒಟ್ಟಾರೆ ನಿಮ್ಮ ಆರೋಗ್ಯ ಹೇಗಿದೆ’ ಎಂಬ ಒಂದೇ ಒಂದು ಪ್ರಶ್ನೆಯ ಉತ್ತರಕ್ಕೂ ಸಾವಿಗೂ ಇರುವ ಸಂಬಂಧವನ್ನು ಹುಡುಕಿದ 27 ಅಧ್ಯಯನಗಳನ್ನು ಎಲೆನ್ ಐಡ್ಲರ್ ಮತ್ತು ಯೇಲ್ ಬೆನ್ಯಾಮಿನಿ 1997ರಲ್ಲಿ ಒಟ್ಟಿಗೆ ಇಟ್ಟು ನೋಡಿದರು. ಚೆನ್ನಾಗಿಲ್ಲ ಎಂದವರು ಮುಂದಿನ ವರ್ಷಗಳಲ್ಲಿ ಹೆಚ್ಚು ಸತ್ತಿದ್ದರು. ವೈದ್ಯರು ಗುರುತಿಸಿದ ಕಾಯಿಲೆಗಳು, ವಯಸ್ಸು, ಸಿಗರೇಟು ಎಲ್ಲವನ್ನೂ ಲೆಕ್ಕಕ್ಕೆ ಹಿಡಿದ ಮೇಲೂ ಬಹುಪಾಲು ಅಧ್ಯಯನಗಳಲ್ಲಿ ಆ ಉತ್ತರ ತಾನಾಗಿಯೇ ಏನನ್ನೋ ಹೇಳುತ್ತಿತ್ತು. ತನ್ನ ದೇಹದ ಬಗ್ಗೆ ಮನುಷ್ಯನಿಗೆ ತಿಳಿದಿರುವುದು ಲ್ಯಾಬ್ ರಿಪೋರ್ಟಿನಲ್ಲಿ ಇರುವುದಕ್ಕಿಂತ ಹೆಚ್ಚು.

ಸೇನ್ ಹೇಳುವುದಕ್ಕೂ ಈ ಅಧ್ಯಯನಗಳು ಹೇಳುವುದಕ್ಕೂ ಜಗಳವಿದೆ ಎಂದು ಮೇಲುನೋಟಕ್ಕೆ ಅನ್ನಿಸುತ್ತದೆ. ನನಗೆ ಹಾಗನ್ನಿಸುವುದಿಲ್ಲ. ಒಂದೇ ಬಗೆಯ ಬದುಕಿನವರೊಳಗೆ ಹೋಲಿಸಿದರೆ ಹೇಳಿಕೊಂಡ ಮಾತು ನಿಜಕ್ಕೆ ಬಹಳ ಹತ್ತಿರ: ಚೆನ್ನಾಗಿಲ್ಲ ಎನ್ನುವ ವಿಧವೆ ಚೆನ್ನಾಗಿದ್ದೇನೆ ಎನ್ನುವ ವಿಧವೆಗಿಂತ ಖಂಡಿತ ಹೆಚ್ಚು ಕಷ್ಟದಲ್ಲಿರುತ್ತಾಳೆ. ಎರಡು ಬೇರೆ ಬೇರೆ ಬದುಕುಗಳ ನಡುವೆ ಹೋಲಿಸುವಾಗ ಅಳತೆಗೋಲೇ ಬದಲಾಗಿರುತ್ತದೆ. ಇದನ್ನು ಸರಿಪಡಿಸಲು ಸಂಶೋಧಕರು ಒಂದು ಜಾಣ ಉಪಾಯ ಕಂಡುಕೊಂಡಿದ್ದಾರೆ. ಕಲ್ಪಿತ ವ್ಯಕ್ತಿಯೊಬ್ಬರ ಕಥೆಯನ್ನು ಚಿಕ್ಕದಾಗಿ ಹೇಳಿ, ಅಂದರೆ ಬಸ್ ಸ್ಟಾಪಿನವರೆಗೆ ನಡೆದರೆ ಎರಡು ಕಡೆ ಕೂರಬೇಕಾಗುತ್ತದೆ, ರಾತ್ರಿ ಕಾಲು ಸೆಳೆತದಿಂದ ನಿದ್ದೆ ಬರುವುದಿಲ್ಲ ಎಂಬಂಥ ವಿವರ ಕೊಟ್ಟು, ಈಕೆಗೆ ಎಷ್ಟು ತೊಂದರೆ ಇದೆ ಎಂದು ಮೊದಲು ಕೇಳುವುದು. ಆಮೇಲೆ ನಿಮಗೆಷ್ಟು ಎಂದು ಕೇಳುವುದು. ಕಥೆಯೊಳಗಿನ ಹೆಂಗಸಿಗೆ ಏನೂ ತೊಂದರೆ ಇಲ್ಲ ಎನ್ನುವವರ ಅಳತೆಗೋಲು ಯಾವುದೆಂದು ಅಲ್ಲೇ ಗೊತ್ತಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ‘ಸೇಜ್’ ಅಧ್ಯಯನ 2007-08ರಲ್ಲಿ ಕರ್ನಾಟಕವೂ ಸೇರಿ ಭಾರತದ ಆರು ರಾಜ್ಯಗಳಲ್ಲಿ ನಡೆದಾಗ ಇಂಥ ಕಥೆಗಳನ್ನು ಬಳಸಿತ್ತು. ಲಾಸಿ ಇನ್ನೊಂದು ದಾರಿ ಹಿಡಿದು, ಪ್ರಶ್ನೆಗಳ ಜೊತೆಗೆ ರಕ್ತದೊತ್ತಡ, ಕೈಹಿಡಿತದ ಬಲ, ನಡಿಗೆಯ ವೇಗ, ಕಣ್ಣಿನ ದೃಷ್ಟಿಯನ್ನೂ ಅಳೆದುಕೊಂಡಿತು. ಹೇಳಿದ್ದು, ಅಳೆದದ್ದು ಎರಡನ್ನೂ ಪಕ್ಕಪಕ್ಕ ಇಟ್ಟಾಗಲೇ ಯಾರು ಏನನ್ನು ಹೇಳದೆ ಬಿಟ್ಟಿದ್ದಾರೆ ಎಂದು ಕಾಣುವುದು.

ಪ್ರಶ್ನೆಗಳೊಳಗೇ ಗಂಡು ಹೆಣ್ಣಿನ ಭೇದ ಅಡಗಿರುವುದೂ ಉಂಟು. ದಿನಬಳಕೆಯ ಸಾಮರ್ಥ್ಯ ಅಳೆಯಲು ಜಗತ್ತಿನ ಅನೇಕ ಆಸ್ಪತ್ರೆಗಳು ಇಂದಿಗೂ ಬಳಸುವ ಪಟ್ಟಿಯೊಂದನ್ನು ಅಮೆರಿಕದ ಪೊವೆಲ್ ಲಾಟನ್ ಮತ್ತು ಎಲೇನ್ ಬ್ರಾಡಿ 1969ರಲ್ಲಿ ಮಾಡಿದರು. ಫೋನ್, ಅಂಗಡಿ, ಅಡುಗೆ, ಮನೆ ಓರಣ, ಬಟ್ಟೆ ಒಗೆಯುವುದು, ಓಡಾಟ, ಔಷಧ, ಹಣಕಾಸು ಎಂದು ಎಂಟು ಕೆಲಸ. ಹೆಂಗಸರಿಗೆ ಎಂಟಕ್ಕೆ ಅಂಕ, ಗಂಡಸರಿಗೆ ಐದಕ್ಕೆ ಮಾತ್ರ. ಅಡುಗೆ, ಮನೆಗೆಲಸ, ಬಟ್ಟೆ ಗಂಡಸಿನ ಲೆಕ್ಕದಿಂದ ಬಿಟ್ಟುಹೋದವು. ಈಗ ಹಾಗೆ ಮಾಡುವುದು ಕಡಿಮೆಯಾಗಿದೆ. ಲಾಸಿಯಲ್ಲಿ ಬಿಸಿ ಅಡುಗೆ, ಅಂಗಡಿ, ಫೋನ್, ಔಷಧ, ಮನೆ ಮತ್ತು ಕೈತೋಟದ ಕೆಲಸ, ಹಣದ ವ್ಯವಹಾರ, ಗೊತ್ತಿಲ್ಲದ ಕಡೆ ದಾರಿ ಹುಡುಕುವುದು ಎಂಬ ಏಳನ್ನೂ ಎಲ್ಲರಿಗೂ ಕೇಳಿದರು. 60 ದಾಟಿದವರಲ್ಲಿ ಶೇ. 48ರಷ್ಟು ಜನ ಒಂದಾದರೂ ಕಷ್ಟ ಎಂದರು. ಇಲ್ಲೂ ಹೆಂಗಸರೇ ಹೆಚ್ಚು.

ಈ ಅಂಕಿಯನ್ನು ಮಾತ್ರ ಬಿಡಿಸಿ ನೋಡಬೇಕು. ಬ್ಯಾಂಕಿನ ಮೆಟ್ಟಿಲನ್ನೇ ಹತ್ತದ, ಬಸ್ಸಿನ ಬೋರ್ಡು ಓದಲು ಬಾರದ, ಫೋನನ್ನು ಮಗನ ಕೈಯಿಂದಲೇ ಪಡೆಯಬೇಕಾದ ಅಜ್ಜಿ ಹಣದ ವ್ಯವಹಾರ ಕಷ್ಟ, ದಾರಿ ಹುಡುಕುವುದು ಕಷ್ಟ ಎಂದರೆ ಅದು ಮೂಳೆಯ ತೊಂದರೆಯಲ್ಲ, ಕಲಿಸದೆ ಬಿಟ್ಟದ್ದರ ಫಲ. ಹುಟ್ಟಿದಾಗಿನಿಂದ ಒಲೆಯ ಹತ್ತಿರ ಸುಳಿಯದ ಗಂಡಸಿಗೆ ಅಡುಗೆ ಕಷ್ಟವೇ ಎಂದು ಕೇಳಿದರೆ ಅವನ ಉತ್ತರಕ್ಕೂ ಅವನ ದೇಹಕ್ಕೂ ಸಂಬಂಧವಿಲ್ಲ. ಈ ಎರಡಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ಮೂರನೆಯದು. ಬೆರಳು ಸೊಟ್ಟಗಾಗಿದ್ದರೂ, ನಿಂತರೆ ಮಂಡಿ ಉರಿಯುತ್ತಿದ್ದರೂ ಆಕೆ ಎರಡು ಹೊತ್ತು ಮುದ್ದೆ ತಿರುವಿ ಹಾಕುತ್ತಾಳೆ. ಅಡುಗೆ ಮಾಡಲು ಕಷ್ಟವೇ ಎಂದರೆ ‘ಇಲ್ಲಪ್ಪ, ನಾನೇ ಮಾಡ್ತೀನಿ’ ಎನ್ನುತ್ತಾಳೆ. ಬಿಡಲಾಗದ ಕೆಲಸದ ಬಗ್ಗೆ ಅದು ಕಷ್ಟವೇ ಎಂದು ಯೋಚಿಸುವ ರೂಢಿಯೇ ಆಕೆಗಿಲ್ಲ. ಹೀಗೆ ಒಂದೇ ಪಟ್ಟಿ ಒಂದು ಕಡೆ ಹೆಂಗಸಿನ ಅಸಾಮರ್ಥ್ಯವನ್ನು ಹಿಗ್ಗಿಸುತ್ತದೆ, ಇನ್ನೊಂದು ಕಡೆ ಕುಗ್ಗಿಸುತ್ತದೆ.

ಕಲಿಸದೆ ಬಿಟ್ಟದ್ದನ್ನು ಅಂಗವೈಕಲ್ಯದ ಲೆಕ್ಕದಿಂದ ತೆಗೆದುಹಾಕಬೇಕೆಂದು ನಾನು ಹೇಳುವುದಿಲ್ಲ. ವಿಕಲಚೇತನರ ಹಕ್ಕುಗಳ ಕುರಿತ 2006ರ ವಿಶ್ವಸಂಸ್ಥೆಯ ಒಡಂಬಡಿಕೆಗೆ ಭಾರತ ಮರುವರ್ಷವೇ ಅಂಗೀಕಾರ ಕೊಟ್ಟಿದೆ. ದೇಹದ ಊನ ಮತ್ತು ಸಮಾಜ ಒಡ್ಡಿದ ಅಡ್ಡಿ ಎರಡೂ ಸೇರಿದಾಗ ಆಗುವುದೇ ಅಂಗವೈಕಲ್ಯ ಎಂಬುದು ಅದರ ನಿಲುವು. ಅದೇ ಸರಿ. ಪರಿಹಾರ ಎಲ್ಲಿದೆ ಎಂಬುದನ್ನು ಮಾತ್ರ ಬೆರೆಸಬಾರದು. ಮಂಡಿಗೆ ಬೇಕಾದದ್ದು ಚಿಕಿತ್ಸೆ, ಎತ್ತರದ ಕಮೋಡು, ಹಿಡಿಕೆ. ಬ್ಯಾಂಕಿಗೆ ಬೇಕಾದದ್ದು ಅಕ್ಷರ ಮತ್ತು ಆಕೆಯದ್ದೇ ಒಂದು ಫೋನು.

ಗಂಡಸಿನ ಉತ್ತರವೂ ನಂಬಿಕೆಗೆ ಪೂರ್ತಿ ಅರ್ಹವಲ್ಲ, ಅದು ಬೇರೆ ಕಡೆ ತಪ್ಪುತ್ತದೆ. ಬೆಂಗಳೂರಿನ ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ ಖಿನ್ನತೆ ಹೆಂಗಸರಲ್ಲಿ ಹೆಚ್ಚು ಕಂಡಿತು. ಆದರೆ ಒಟ್ಟು ಮಾನಸಿಕ ತೊಂದರೆಗಳು ಗಂಡಸರಲ್ಲಿ ಶೇ. 13.9, ಹೆಂಗಸರಲ್ಲಿ ಶೇ. 7.5. ಕಾರಣ ಮದ್ಯದ ಚಟ. 2022ರಲ್ಲಿ ದೇಶದಲ್ಲಿ ದಾಖಲಾದ 1.7 ಲಕ್ಷ ಆತ್ಮಹತ್ಯೆಗಳಲ್ಲಿ 1.2 ಲಕ್ಷಕ್ಕೂ ಹೆಚ್ಚು ಗಂಡಸರದು. ಸಾಲದ ರೈತನೋ ಕೆಲಸ ಕಳೆದುಕೊಂಡ ಯುವಕನೋ ‘ನನಗೆ ಬದುಕು ಬೇಡವಾಗಿದೆ’ ಎಂದು ಸಮೀಕ್ಷೆಯವರಿಗೆ ಹೇಳುವುದಿಲ್ಲ, ಹೆಂಡತಿಗೂ ಹೇಳುವುದಿಲ್ಲ. ಹೆಣ್ಣಿನ ಮೌನ ದೇಹದ ಬಗ್ಗೆ ಹೆಚ್ಚು, ಗಂಡಿನ ಮೌನ ಮನಸ್ಸಿನ ಬಗ್ಗೆ ಹೆಚ್ಚು. ಎರಡೂ ಸಾವುನೋವಿಗೆ ಕಾರಣ, ಎರಡನ್ನೂ ಒಡೆಯಲು ಬೇಕಾದ ಪ್ರಶ್ನೆಗಳು ಬೇರೆ ಬೇರೆ.

ಹೇಳಿದರೆ ಏನಾಗುತ್ತದೆ ಎಂಬ ಅನುಭವವೇ ಹೇಳುವ ಬಾಯನ್ನು ತೆರೆಯುತ್ತದೆ ಅಥವಾ ಮುಚ್ಚುತ್ತದೆ. ದೆಹಲಿಯ ಏಮ್ಸ್ ಆಸ್ಪತ್ರೆಯ ಹೊರರೋಗಿ ವಿಭಾಗಕ್ಕೆ 2016ರಲ್ಲಿ ನಾಲ್ಕು ರಾಜ್ಯಗಳಿಂದ ಬಂದವರ ದಾಖಲೆಗಳನ್ನು ಸಂಶೋಧಕರು ಪರಿಶೀಲಿಸಿದಾಗ, ಹೆರಿಗೆ ಮತ್ತು ಸ್ತ್ರೀರೋಗ ಬಿಟ್ಟು, ಒಬ್ಬ ಹೆಂಗಸಿಗೆ 1.69 ಗಂಡಸರು ಬಂದಿದ್ದರು. ಜನಸಂಖ್ಯೆಯ ಲೆಕ್ಕದಲ್ಲಿ ಬರಬೇಕಾಗಿದ್ದ ಸುಮಾರು 4 ಲಕ್ಷ ಹೆಂಗಸರು ಬಂದಿರಲಿಲ್ಲ. ಊರು ದೂರವಾದಷ್ಟೂ ಈ ಕೊರತೆ ಹೆಚ್ಚಿತ್ತು. ನಮ್ಮ ಕೊಪ್ಪಳ ಜಿಲ್ಲೆಯಲ್ಲಿ ಗೀತಾ ಸೇನ್, ಅದಿತಿ ಅಯ್ಯರ್ ಮತ್ತು ಸಂಗಡಿಗರು ಮಾಡಿದ ಅಧ್ಯಯನ ಇನ್ನೊಂದು ಸೂಕ್ಷ್ಮವನ್ನು ಹಿಡಿದಿದೆ. ದೀರ್ಘಕಾಲದ ಕಾಯಿಲೆಗೆ ಚಿಕಿತ್ಸೆ ಸಿಗುವುದರಲ್ಲಿ, ಮುಂದುವರಿಯುವುದರಲ್ಲಿ ಬಡ ಹೆಂಗಸು ಎಲ್ಲರಿಗಿಂತ ಕೆಳಗೆ, ಅನುಕೂಲಸ್ಥ ಗಂಡಸು ಎಲ್ಲರಿಗಿಂತ ಮೇಲೆ. ನಡುವೆ ಬಡ ಗಂಡಸೂ ಅನುಕೂಲಸ್ಥ ಹೆಂಗಸೂ ಅಕ್ಕಪಕ್ಕ ನಿಲ್ಲುತ್ತಾರೆ. ಮನೆಯಲ್ಲಿ ದುಡ್ಡಿದ್ದರೂ ಅದು ಆಕೆಯ ಕಾಯಿಲೆಯವರೆಗೆ ಹರಿಯದು, ದುಡ್ಡಿಲ್ಲದಿದ್ದರೂ ಇರುವಷ್ಟು ಅವನ ಕಾಯಿಲೆಗೆ ಮೊದಲು.

ಸರ್ಟಿಫಿಕೇಟಿನ ಕಥೆಯೂ ಇದಕ್ಕೆ ಹೊಂದಿಕೊಂಡೇ ಇದೆ. 2016ರ ವಿಕಲಚೇತನರ ಹಕ್ಕುಗಳ ಕಾಯಿದೆ ಹಿಂದಿನ 7 ಬಗೆಗಳನ್ನು 21ಕ್ಕೆ ಏರಿಸಿತು. ಮೀಸಲಾತಿಯಂಥ ಮುಖ್ಯ ಸವಲತ್ತುಗಳಿಗೆ ಶೇ. 40ರಷ್ಟು ಅಂಗವೈಕಲ್ಯ ಇದೆ ಎಂದು ವೈದ್ಯರು ಬರೆದುಕೊಡಬೇಕು. ಮಂಡಿ ಸವೆತಕ್ಕೆ ಆ 21ರಲ್ಲಿ ಹೆಸರಿಲ್ಲ. ಚಲನೆಯ ಊನ ಎಂದು ತೋರಿಸಿಕೊಳ್ಳಬೇಕಾದರೂ ಆಸ್ಪತ್ರೆಗೆ ಅಲೆಯಬೇಕು, ಜೊತೆಗೆ ಒಬ್ಬರು ಬರಬೇಕು, ಒಂದು ದಿನದ ಕೂಲಿ ಬಿಡಬೇಕು. ಅಷ್ಟೆಲ್ಲ ಖರ್ಚನ್ನು ಮನೆಯವರು ಯಾರಿಗಾಗಿ ಮಾಡುತ್ತಾರೆ ಎಂಬುದಕ್ಕೆ ಏಮ್ಸ್ ಮತ್ತು ಕೊಪ್ಪಳದ ಅಧ್ಯಯನಗಳೇ ಉತ್ತರ. ಗಣತಿಯಲ್ಲಿ ಕಡಿಮೆ ಕಂಡದ್ದಕ್ಕೆ ಸವಲತ್ತು ಕಡಿಮೆ, ಸವಲತ್ತಿಲ್ಲ ಎಂದು ಮುಂದಿನ ಗಣತಿಯಲ್ಲೂ ಹೇಳಿಕೊಳ್ಳುವುದಿಲ್ಲ.

ಮುಂದಿನ ಜನಗಣತಿಯ ಉಲ್ಲೇಖ ದಿನಾಂಕವನ್ನು ಸರ್ಕಾರ 2027ರ ಮಾರ್ಚ್ 1 ಎಂದು ಗೊತ್ತುಮಾಡಿದೆ. ಈ ಸುತ್ತನ್ನು 2011ರ ಪ್ರಶ್ನೆಯಿಂದಲೇ ಮುಗಿಸಿದರೆ ಮುಂದಿನ ದಶಕವೂ ಅದೇ ತಪ್ಪು ಅಂಕಿಯ ಮೇಲೆ ನಡೆಯುತ್ತದೆ. ಬೇರೆ ಪ್ರಶ್ನೆ ಹುಡುಕಲು ಶ್ರಮಪಡಬೇಕಿಲ್ಲ. 2001ರಲ್ಲಿ ವಿಶ್ವಸಂಸ್ಥೆಯ ಅಂಕಿಅಂಶ ಆಯೋಗದಡಿ ರಚನೆಯಾದ ವಾಷಿಂಗ್ಟನ್ ಗುಂಪು ಆರು ಪ್ರಶ್ನೆಗಳನ್ನು ಸಿದ್ಧಪಡಿಸಿ ಇಟ್ಟಿದೆ. ಕನ್ನಡಕ ಹಾಕಿದ್ದರೂ ನೋಡಲು ಕಷ್ಟವೇ, ಕೇಳಲು ಕಷ್ಟವೇ, ನಡೆಯಲು ಮೆಟ್ಟಿಲು ಹತ್ತಲು ಕಷ್ಟವೇ, ನೆನಪಿಟ್ಟುಕೊಳ್ಳಲು, ಸ್ನಾನ ಮಾಡಲು ಬಟ್ಟೆ ತೊಡಲು, ಮಾತನಾಡಿ ತಿಳಿಸಲು ಕಷ್ಟವೇ? ಉತ್ತರಗಳು ನಾಲ್ಕು: ಕಷ್ಟವಿಲ್ಲ, ಸ್ವಲ್ಪ, ಬಹಳ, ಆಗುವುದೇ ಇಲ್ಲ. ಅಂಗವೈಕಲ್ಯ ಎಂಬ ಮಾತನ್ನು ಎತ್ತುವುದೇ ಇಲ್ಲ, ಹಾಗಾಗಿ ಮಗಳ ಮದುವೆಯ ಭಯವೂ ಅಷ್ಟು ಅಡ್ಡ ಬರುವುದಿಲ್ಲ. ಹೀಗೆ ಕೇಳಿದರೆ ಸಂಖ್ಯೆ ಹಲವು ಪಟ್ಟು ಏರುತ್ತದೆ, ಬೊಕ್ಕಸಕ್ಕೆ ಹೊರೆ ಎಂಬ ಆತಂಕ ಆಡಳಿತದಲ್ಲಿರುವವರಿಗೆ ಬರಬಹುದು. ಭಾರತದಲ್ಲಿ ನಿಜವಾದ ಸಂಖ್ಯೆ 4ರಿಂದ 8 ಕೋಟಿ ಇರಬಹುದು ಎಂದು ವಿಶ್ವ ಬ್ಯಾಂಕ್ 2007ರಷ್ಟು ಹಿಂದೆಯೇ ಅಂದಾಜು ಮಾಡಿತ್ತು. ಎಣಿಸದಿದ್ದರೆ ಆ ಜನ ಇಲ್ಲವಾಗುವುದಿಲ್ಲ. ಅವರ ಹೊರೆಯನ್ನು ಮನೆಯೊಳಗಿನ ಇನ್ನೊಬ್ಬ ಹೆಂಗಸು, ಸೊಸೆಯೋ ಮಗಳೋ, ತನ್ನ ಬೆನ್ನ ಮೇಲೆ ಹೊರುತ್ತಾಳೆ.

ಪ್ರಶ್ನೆ ಬದಲಾದರೆ ಸಾಲದು, ಉತ್ತರಿಸುವವರೂ ಬದಲಾಗಬೇಕು. ಕೋಟಿಗಟ್ಟಲೆ ಮನೆಗಳಲ್ಲಿ ಪ್ರತಿಯೊಬ್ಬರನ್ನೂ ಬೇರೆಬೇರೆಯಾಗಿ ಮಾತನಾಡಿಸುವುದು ಗಣತಿಯಲ್ಲಿ ಸಾಧ್ಯವಿಲ್ಲ ಎಂಬುದನ್ನು ಒಪ್ಪುತ್ತೇನೆ. ಈ ಆರು ಪ್ರಶ್ನೆಗಳಿಗಾದರೂ ಮನೆಯ ವಯಸ್ಕ ಹೆಂಗಸರನ್ನು ಹೊರಗೆ ಕರೆಸಿ, ‘ಅಮ್ಮಾ, ನಿಮ್ಮದನ್ನು ನೀವೇ ಹೇಳಿ’ ಎಂದು ಕೇಳುವ ಸೂಚನೆಯನ್ನು ಗಣತಿದಾರರ ಕೈಪಿಡಿಯಲ್ಲಿ ಬರೆಯಲು ಹೆಚ್ಚಿನ ಹಣ ಬೇಕಿಲ್ಲ. ಮನೆಮನೆಗೆ ಹೋಗುವವರಲ್ಲಿ ಬಹಳ ಮಂದಿ ಶಿಕ್ಷಕಿಯರೇ. ಅವರಿಗೆ ಅಡುಗೆಮನೆಯವರೆಗೂ ಹೋಗುವ ಸಲಿಗೆ ಇದೆ, ಒಲೆಯ ಪಕ್ಕ ಒಂದು ಮಣೆ ಎಳೆದುಕೊಂಡು ಕೂರಬಲ್ಲರು. ತರಬೇತಿಯ ದಿನಗಳಲ್ಲಿ ಈ ಆರು ಪ್ರಶ್ನೆಗಳಿಗೆಂದೇ ಒಂದು ಗಂಟೆ ಮೀಸಲಿಟ್ಟು, ಗಂಡ ಉತ್ತರಿಸಿದರೆ ಏನು ಮಾಡಬೇಕು, ‘ಏನಿಲ್ಲ, ಹೀಗೇ ಇದೀನಿ’ ಎಂದರೆ ಮತ್ತೆ ಹೇಗೆ ಕೇಳಬೇಕು ಎಂಬುದನ್ನು ಅವರಿಗೆ ಅಭ್ಯಾಸ ಮಾಡಿಸಬೇಕು. ಗಣತಿ ಮುಗಿದ ಮೇಲೆ ಪ್ರತಿ ಜಿಲ್ಲೆಯಲ್ಲಿ ಕೆಲವು ಸಾವಿರ ಮನೆಗಳಿಗೆ ಮತ್ತೆ ಹೋಗಿ, ದೃಷ್ಟಿ, ಹಿಡಿತ, ನಡಿಗೆ, ರಕ್ತ ಅಳೆದು, ಹೇಳಿದ್ದಕ್ಕೂ ಅಳೆದದ್ದಕ್ಕೂ ಗಂಡಸರಲ್ಲಿ ಎಷ್ಟು ಅಂತರ, ಹೆಂಗಸರಲ್ಲಿ ಎಷ್ಟು ಅಂತರ ಎಂದು ಜಿಲ್ಲಾವಾರು ಪ್ರಕಟಿಸಬೇಕು.